ಬುಟ್ಟಿ ಒಂದೋ, ಹತ್ತೋ

ಅಮೆರಿಕದ ಇಂಗ್ಲಿಷಿನಲ್ಲಿ ನಾಟಕ ನೆಲಕಚ್ಚಿದರೆ 'ಮೊಟ್ಟೆ ಇಟ್ಟಿತು' ಅನ್ನುತ್ತಾರೆ. ಸ್ಟೇಜ್ ಮೇಲೆ ನಿಂತವನ ಜೋಕಿಗೆ ಯಾರೂ ನಗದಿದ್ದರೆ ಅವನೂ ಮೊಟ್ಟೆ ಇಟ್ಟ ಹಾಗೆಯೇ. 1929ರಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿದಾಗ ಅಲ್ಲಿನ 'ವೆರೈಟಿ' ಪತ್ರಿಕೆ, ಅದು ನಾಟಕ ಸಿನಿಮಾದವರ ಪತ್ರಿಕೆ, ಅಕ್ಟೋಬರ್ 30ರ ಮುಖಪುಟದಲ್ಲಿ 'ವಾಲ್‌ಸ್ಟ್ರೀಟ್ ಮೊಟ್ಟೆ ಇಟ್ಟಿತು' ಅಂತ ದಪ್ಪ ಅಕ್ಷರದಲ್ಲಿ ಹಾಕಿತು. ಜನರ ಜೀವಮಾನದ ದುಡ್ಡು ಹೋಗಿದೆ, ಇವರಿಗೆ ಕೋಳಿ ನೆನಪಾಗಿದೆ. ಕ್ರಿಕೆಟಿನಲ್ಲಿ ಸೊನ್ನೆಗೆ ಔಟಾದರೆ ಡಕ್ ಅನ್ನುವುದೂ ಬಾತುಕೋಳಿ ಮೊಟ್ಟೆಯಿಂದ ಬಂದದ್ದೇ, ಸ್ಕೋರ್ ಪಟ್ಟಿಯ ಸೊನ್ನೆ ಹಾಗೆ ಕಾಣುತ್ತದಲ್ಲ. ನಮ್ಮ ಶಾಲೆಗಳಲ್ಲೂ ಲೆಕ್ಕದ ಪೇಪರಿನಲ್ಲಿ ಸಿಗುತ್ತಿದ್ದದ್ದು ಮೊಟ್ಟೆಯೇ. ಏನೂ ಇಲ್ಲದ್ದಕ್ಕೆ, ಎಲ್ಲ ಹಾಳಾದದ್ದಕ್ಕೆ ಗುರುತಾಗಿ ಸಿಕ್ಕಿದ್ದು ಪಾಪ, ಒಳಗೆ ಎಲ್ಲವೂ ತುಂಬಿರುವ ಆ ವಸ್ತು.

ಒಂದು ಮೊಟ್ಟೆ ತಯಾರಾಗಲು ಕೋಳಿಗೆ ಸುಮಾರು 25 ಗಂಟೆ ಬೇಕು. ಅದರಲ್ಲಿ 20 ಗಂಟೆಯಷ್ಟು ಬರೀ ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ತಿಂದದ್ದರಲ್ಲಿ ಸುಣ್ಣದ ಅಂಶ ಸಾಲದಿದ್ದರೆ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಕರಗಿಸಿ ಚಿಪ್ಪಿಗೆ ಕೊಡುತ್ತದೆ. ದಿನಕ್ಕೆ ಇರುವುದು 24 ಗಂಟೆ, ಮೊಟ್ಟೆಗೆ ಬೇಕಾದ್ದು ಅದಕ್ಕಿಂತ ಸ್ವಲ್ಪ ಜಾಸ್ತಿ, ಹಾಗಾಗಿ ಇಡುವ ಹೊತ್ತು ದಿನಾ ಸ್ವಲ್ಪ ಸ್ವಲ್ಪ ತಡವಾಗುತ್ತಾ ಮಧ್ಯಾಹ್ನದ ಕಡೆಗೆ ಜಾರಿ, ಆಮೇಲೆ ಒಂದು ದಿನ ರಜೆ, ಮತ್ತೆ ಬೆಳಿಗ್ಗೆಯಿಂದ ಶುರು. ಕೋಳಿಯ ಮೂಲವಾದ ಕೆಂಪು ಕಾಡುಕೋಳಿ ವರ್ಷಕ್ಕೆ ಇಡುವುದು ಹತ್ತು ಹದಿನೈದು ಮೊಟ್ಟೆ ಅಷ್ಟೆ. ಫಾರಂ ಕೋಳಿ 300 ದಾಟುತ್ತದೆ. ಅಷ್ಟು ಸುಣ್ಣ ಒಂದು ಸಣ್ಣ ಮೈಯಿಂದ ಹೊರಗೆ ಹೋದ ಮೇಲೆ ಆ ಕೋಳಿಗಳ ಕಾಲು ಮುರಿಯುವುದರಲ್ಲಿ ಆಶ್ಚರ್ಯ ಇಲ್ಲ. ಇದನ್ನು ಸೋಲು ಅನ್ನುವವರಿಗೆ ಎಂತ ಹೇಳುವುದು?

ಆದರೆ ಅದೇ ಇಂಗ್ಲಿಷಿನಲ್ಲಿ ಮೊಟ್ಟೆಯ ಬೇರೆ ಮಾತುಗಳೂ ಇವೆ, ಅವು ಕೋಳಿಗೂಡಿನ ಪಕ್ಕ ನಿಂತು ನೋಡಿದವರ ಮಾತುಗಳು. ಮುಂದಕ್ಕೆ ಬೇಕು ಅಂತ ಕೂಡಿಟ್ಟ ಹಣಕ್ಕೆ ಅವರು 'ಗೂಡಿನ ಮೊಟ್ಟೆ' ಅನ್ನುತ್ತಾರೆ. ಇದು ಕವಿಯ ಕಲ್ಪನೆ ಅಲ್ಲ, ಕೋಳಿ ಸಾಕುವವರ ಉಪಾಯ. ಗೂಡಿನಿಂದ ಎಲ್ಲ ಮೊಟ್ಟೆ ತೆಗೆದರೆ ಕೋಳಿ ಆ ಜಾಗ ಬಿಟ್ಟು ಬೇರೆ ಕಡೆ ಹೋಗುತ್ತದೆ. ಒಂದನ್ನು ಬಿಟ್ಟರೆ ಮತ್ತೆ ಅಲ್ಲಿಗೇ ಬಂದು ಇಡುತ್ತದೆ. ಉಡುಪಿ ಹತ್ತಿರದ ನಮ್ಮ ಹಳೆ ಮನೆಯಲ್ಲಿ ಅಜ್ಜಿ ಮಾಡುತ್ತಿದ್ದದ್ದೂ ಇದೇ. ಬಿಟ್ಟ ಮೊಟ್ಟೆಗೆ ಒಲೆಯ ಮಸಿಯಲ್ಲಿ ಒಂದು ಗೆರೆ ಎಳೆಯುತ್ತಿದ್ದರು, ಹಳತು ಯಾವುದು ಹೊಸತು ಯಾವುದು ಅಂತ ಗೊತ್ತಾಗಲಿಕ್ಕೆ. ಅಜ್ಜಿಗೆ ಇಂಗ್ಲಿಷಿನ ಒಂದಕ್ಷರ ಬರುತ್ತಿರಲಿಲ್ಲ. ಬ್ಯಾಂಕಿನಲ್ಲಿ ಖಾತೆಯೂ ಇರಲಿಲ್ಲ, ಮೊಟ್ಟೆ ಮಾರಿದ ದುಡ್ಡು ಸಾಸಿವೆ ಡಬ್ಬದಲ್ಲಿ.

ಊರ ಕೋಳಿ ಎಲ್ಲಿ ಇಡುತ್ತದೆ ಅಂತ ಹುಡುಕುವುದು ಮನೆಯ ಮಕ್ಕಳ ಕೆಲಸ. ಬುಟ್ಟಿಯಲ್ಲಿ ಬೈಹುಲ್ಲು ಹಾಕಿ ರಾಜಮರ್ಯಾದೆ ಮಾಡಿಟ್ಟಿರುತ್ತಾರೆ, ಅದು ಮಾತ್ರ ಸೌದೆ ಕೊಟ್ಟಿಗೆಯ ಸಂದಿಯಲ್ಲೋ, ಅಡಿಕೆ ಹಾಳೆಯ ರಾಶಿಯ ಹಿಂದೆಯೋ, ಕೆಲವೊಮ್ಮೆ ಪಕ್ಕದ ಮನೆಯವರ ಹಟ್ಟಿಯಲ್ಲೋ ಹೋಗಿ ಕೂತಿರುತ್ತದೆ. ಪಕ್ಕದ ಮನೆಯ ಹಟ್ಟಿಯಲ್ಲಿ ಇಟ್ಟ ಮೊಟ್ಟೆ ಯಾರದ್ದು ಎನ್ನುವ ವಿಷಯಕ್ಕೆ ಆಗಿರುವ ಜಗಳಗಳ ಬಗ್ಗೆ ಬರೆದರೆ ಅದೇ ಒಂದು ಪುಸ್ತಕವಾಗುತ್ತದೆ, ಈಗ ಬೇಡ. ಆಗ ನಮಗೆ ಅದು ಕೋಳಿಯ ಹಠ ಅಂತ ಕಾಣುತ್ತಿತ್ತು. ಕೋಳಿಯ ಕಡೆಯಿಂದ ನೋಡಿ. ಉಡ ಇದೆ, ಮುಂಗುಸಿ ಇದೆ, ಕಾಗೆ ಇದೆ, ಎಲ್ಲಕ್ಕಿಂತ ಹೆಚ್ಚಾಗಿ ನಾವಿದ್ದೇವೆ. ಮೈಯ ಸುಣ್ಣ ಕರಗಿಸಿ ಮಾಡಿದ್ದನ್ನು ಎಲ್ಲಿ ಬಿಟ್ಟು ಏಳಬೇಕು ಎನ್ನುವುದೊಂದೇ ಅದರ ಕೈಯಲ್ಲಿರುವ ತೀರ್ಮಾನ. ಮೊಟ್ಟೆ ಇಡುವ ಪ್ರಾಣಿಗಳ ಬಗ್ಗೆ ಓದಿದಷ್ಟೂ ನನಗೆ ಕಾಣುವುದು ಇದೇ. ತಾಯಿತನದ ಬುದ್ಧಿ ಬಹುಪಾಲು ಜಾಗ ಆರಿಸುವುದರಲ್ಲೇ ಮುಗಿದಿರುತ್ತದೆ.

'ಎಲ್ಲ ಮೊಟ್ಟೆಗಳನ್ನು ಒಂದೇ ಬುಟ್ಟಿಯಲ್ಲಿ ಇಡಬೇಡಿ' ಎನ್ನುವ ಇಂಗ್ಲಿಷ್ ಗಾದೆಯನ್ನು ಈಗ ಮ್ಯೂಚುವಲ್ ಫಂಡ್ ಏಜೆಂಟರು ಕನ್ನಡದಲ್ಲೇ ಹೇಳುತ್ತಾರೆ. ಒಳ್ಳೆಯ ಮಾತೇ. ಆದರೆ ನಿಜವಾಗಿ ಮೊಟ್ಟೆ ಇಡುವವರು ಇದನ್ನು ಒಪ್ಪುತ್ತಾರಾ? ಕೆಲವರು ಒಪ್ಪುತ್ತಾರೆ, ಕೆಲವರು ಸುತರಾಂ ಇಲ್ಲ, ಎರಡೂ ಬಗೆಯವರು ನಮ್ಮ ಕರಾವಳಿ, ಘಟ್ಟಗಳಲ್ಲೇ ಸಿಗುತ್ತಾರೆ.

ಕೋಗಿಲೆ ಒಪ್ಪುತ್ತದೆ, ಅದೂ ಬೇರೆಯವರ ಬುಟ್ಟಿಯಲ್ಲಿ. ಮಾವು ಹಣ್ಣಾಗುವ ಹೊತ್ತಿಗೆ ಗಂಡು ಕೋಗಿಲೆ ಕಾಗೆ ಗೂಡಿನ ಹತ್ತಿರ ಬಂದು ಗಂಟಲು ಹರಿಯುವ ಹಾಗೆ ಕೂಗುತ್ತದೆ, ಕಾಗೆಗಳು ಅದನ್ನು ಅಟ್ಟಿಸಿಕೊಂಡು ಹೋಗುತ್ತವೆ, ಅಷ್ಟರಲ್ಲಿ ಹೆಣ್ಣು ಬಂದು ಇಟ್ಟು ಹೋಗಿರುತ್ತದೆ. ಕೋಗಿಲೆ ಮರಿ ಕಾಗೆ ಮರಿಗಿಂತ ಕೆಲವು ದಿನ ಮೊದಲೇ ಒಡೆದು ಬರುತ್ತದೆ, ಊಟದ ಸಾಲಿನಲ್ಲಿ ಮೊದಲು. ಯುರೋಪಿನ ಕುಕೂ ಹಕ್ಕಿಯ ಮರಿ ಮನೆಯವರ ಮೊಟ್ಟೆಗಳನ್ನೇ ಬೆನ್ನಿನಿಂದ ತಳ್ಳಿ ಕೆಳಗೆ ಬೀಳಿಸುತ್ತದೆ. ನಮ್ಮ ಕೋಗಿಲೆ ಮರಿ ಸಾಮಾನ್ಯವಾಗಿ ಅಷ್ಟು ದುಷ್ಟ ಅಲ್ಲ, ಕಾಗೆ ಮರಿಗಳ ಜೊತೆಗೇ ಬೆಳೆಯುತ್ತದೆ. ಮರ್ಯಾದಸ್ಥ ಕಳ್ಳ.

ಕಡಲಾಮೆಯದ್ದು ಬೇರೆ ಲೆಕ್ಕ. ಆಲಿವ್ ರಿಡ್ಲೆ ಎಂಬ ಜಾತಿ ನಮ್ಮ ಕಡೆ ಬರುತ್ತದೆ. ಒಡಿಶಾದ ಗಹಿರ್ಮಾತಾ, ಋಷಿಕುಲ್ಯದಲ್ಲಿ ಲಕ್ಷಗಟ್ಟಲೆ ಆಮೆಗಳು ಒಟ್ಟಿಗೆ ದಡಕ್ಕೆ ಏರುತ್ತವೆ. ಇಲ್ಲಿ ಹಾಗಲ್ಲ, ಅಲ್ಲೊಂದು ಇಲ್ಲೊಂದು. ಕುಂದಾಪುರದ ಕೋಡಿ, ಮರವಂತೆ ಕಡೆ ಗೂಡು ಸಿಗುವುದಿದೆ. 2024ರ ಆರಂಭದಲ್ಲಿ ಮಂಗಳೂರಿನ ಸಸಿಹಿತ್ಲು, ತಣ್ಣೀರುಬಾವಿಯಲ್ಲೂ ಸಿಕ್ಕಿತು. ಅರಣ್ಯ ಇಲಾಖೆಯವರು ಬೇಲಿ ಹಾಕಿ ಕಾದರು, ಮರಿಗಳು ಕಡಲಿಗೆ ಇಳಿದವು, ಪೇಪರಿನಲ್ಲಿ ಫೋಟೋ ಬಂತು. ನಾವು ಸಂಜೆ ಚುರುಮುರಿ ತಿನ್ನಲು ಹೋಗುವ ಬೀಚಿನಲ್ಲಿ ಇದೂ ನಡೆಯುತ್ತದೆ ಅಂತ ಎಷ್ಟೋ ಜನರಿಗೆ ಗೊತ್ತಾದದ್ದೇ ಆಗ.

ರಾತ್ರಿ ಅಲೆಯ ಗೆರೆ ದಾಟಿ ಮೇಲೆ ಬಂದು, ಹಿಂಗಾಲಿನಲ್ಲಿ ಒಂದೂವರೆ ಅಡಿ ಆಳದ ಗುಂಡಿ ತೋಡಿ, ನೂರರ ಆಚೀಚೆ ಮೊಟ್ಟೆ ಇಟ್ಟು, ಮರಳು ಮುಚ್ಚಿ, ಅದರ ಮೇಲೆ ಮೈಯನ್ನು ಎಡಕ್ಕೂ ಬಲಕ್ಕೂ ಕುಟ್ಟಿ ಗಟ್ಟಿ ಮಾಡಿ ಆಮೆ ವಾಪಸ್ ಹೊರಡುತ್ತದೆ. ಎಲ್ಲ ಸೇರಿ ಒಂದು ಗಂಟೆಯೂ ಇಲ್ಲ. ಇಡುವಾಗ ಕಣ್ಣಲ್ಲಿ ನೀರು ಬರುತ್ತದೆ, ಅದು ಹೆರಿಗೆ ನೋವು ಅಂತ ಬೀಚಿನಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಮೈಯಲ್ಲಿ ಸೇರಿದ ಹೆಚ್ಚಿನ ಉಪ್ಪನ್ನು ಅದು ಕಣ್ಣಿನ ಗ್ರಂಥಿಯಿಂದ ಹೊರಗೆ ಹಾಕುವುದು, ನೀರಿನಲ್ಲಿದ್ದಾಗಲೂ ಹಾಕುತ್ತಲೇ ಇರುತ್ತದೆ. ಒಂದೇ ಋತುವಿನಲ್ಲಿ ಎರಡು ಮೂರು ಸಲ ಬೇರೆ ಬೇರೆ ಗುಂಡಿ ತೋಡಬಹುದು. ಅಂದರೆ ಬುಟ್ಟಿ ಒಂದಲ್ಲ. ಸಾವಿರ ಮರಿಗೆ ಒಂದು ದೊಡ್ಡದಾಗುತ್ತದೆ ಅಂತ ಸಾಮಾನ್ಯವಾಗಿ ಹೇಳುವ ಅಂದಾಜು. ಆ ಲೆಕ್ಕದಲ್ಲಿ ನೂರು ಮೊಟ್ಟೆ ಅಂದರೆ ಏನೂ ಅಲ್ಲ.

ಹಕ್ಕಿ ಮುಟ್ಟಿ ಮರಿ ಮಾಡುತ್ತದೆ, ಮೀನು ನೋಡಿ ಮರಿ ಮಾಡುತ್ತದೆ, ಆಮೆ ದೂರದಲ್ಲಿದ್ದು ಬರೀ ನೆನೆದೇ ಮರಿ ಮಾಡುತ್ತದೆ, ಗುರುವಿನ ಅನುಗ್ರಹವೂ ಹಾಗೆ ಮೂರು ಬಗೆ. ಪ್ರವಚನಗಳಲ್ಲಿ ಈ ಮಾತು ಕೇಳಿರುತ್ತೀರಿ. ಚಂದದ ಮಾತು, ನನಗೂ ಇಷ್ಟ. ಆಮೆ ಕಡಲಿಗೆ ಹೋದ ಮೇಲೆ ನೆನೆಯುತ್ತದೋ ಇಲ್ಲವೋ ನಮಗೆ ಗೊತ್ತಾಗುವ ಹಾಗಿಲ್ಲ. ಆದರೆ ಕಾವು ಕೊಡುವುದು ಮರಳು. 45 ರಿಂದ 60 ದಿನ. ಮರಿ ಗಂಡೋ ಹೆಣ್ಣೋ ಎಂದು ತೀರ್ಮಾನ ಮಾಡುವುದೂ ಮರಳೇ. 30 ಡಿಗ್ರಿಯ ಆಚೀಚೆ ಒಂದು ಗೆರೆ ಇದೆ, ಅದಕ್ಕಿಂತ ಬಿಸಿಯಾದರೆ ಹೆಣ್ಣು ಜಾಸ್ತಿ, ತಂಪಾದರೆ ಗಂಡು ಜಾಸ್ತಿ. ಇನ್ನೊಂದು ವಿಷಯ ನನಗೆ ತುಂಬಾ ಹಿಡಿಸಿತು. ಕೋಳಿ ಕಾವಿಗೆ ಕೂತ 21 ದಿನವೂ ಮೊಟ್ಟೆಗಳನ್ನು ಕೊಕ್ಕಿನಿಂದ ದಿನಕ್ಕೆ ಎಷ್ಟೋ ಸಲ ತಿರುಗಿಸುತ್ತಾ ಇರುತ್ತದೆ, ತಿರುಗಿಸದಿದ್ದರೆ ಒಳಗಿನ ಜೀವ ಚಿಪ್ಪಿಗೆ ಅಂಟಿಕೊಂಡು ಕೆಡುತ್ತದೆ. ಆಮೆ ಮೊಟ್ಟೆಯಲ್ಲಿ ಇದು ತಲೆಕೆಳಗು. ಇಟ್ಟ ಕೆಲವು ಗಂಟೆಗಳಲ್ಲೇ ಭ್ರೂಣ ಚಿಪ್ಪಿನ ಮೇಲ್ಭಾಗಕ್ಕೆ ಅಂಟಿಕೊಳ್ಳುತ್ತದೆ, ಆಮೇಲೆ ತಿರುಗಿಸಿದರೆ ಸಾಯುತ್ತದೆ. ಒಳ್ಳೆಯದು ಮಾಡುತ್ತೇನೆ ಅಂತ ಹೋಗಿ ಗೂಡು ಅಗೆದು ಬೇರೆ ಕಡೆ ಇಡುವವರು, ಮೊಬೈಲ್ ಫೋಟೋಕ್ಕೆ ಅಂಗೈಯಲ್ಲಿ ಹಿಡಿದು ತಿರುಗಿಸುವವರು ದಯವಿಟ್ಟು ಇದನ್ನು ತಿಳಿದಿರಲಿ. ಕಾನೂನಿನ ಪ್ರಕಾರವೂ ಮುಟ್ಟುವ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ ಕಡಲಾಮೆ.

ಒಂದೇ ಬುಟ್ಟಿಯವರು ಇರುವುದು ಘಟ್ಟದ ಮೇಲೆ. ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಹತ್ತಿದರೆ ಕಾಳಿಂಗ ಸರ್ಪದ ಊರು. ನಮ್ಮ ಪಶ್ಚಿಮ ಘಟ್ಟದ ಕಾಳಿಂಗ ಬೇರೆಯೇ ಜಾತಿ ಎಂದು 2024ರಲ್ಲಿ ಗುರುತಿಸಿ, ವಿಜ್ಞಾನದ ಹೆಸರಿನಲ್ಲೂ 'ಕಾಳಿಂಗ' ಅಂತಲೇ ಸೇರಿಸಿದ್ದಾರೆ. ಹಾವುಗಳಲ್ಲಿ ಎಲೆ ಗುಡ್ಡೆ ಹಾಕಿ ಗೂಡು ಕಟ್ಟುವುದು ಇದೊಂದೇ. ಕೈಯಿಲ್ಲ, ಕಾಲಿಲ್ಲ. ಮೈಯ ಸುರುಳಿಯಲ್ಲೇ ತರಗೆಲೆ ಎಳೆದು ಎಳೆದು ಒಟ್ಟು ಮಾಡಿ, ಒಳಗೆ ಇಪ್ಪತ್ತೋ ಮೂವತ್ತೋ ಮೊಟ್ಟೆ ಇಟ್ಟು, ಮೇಲೆ ಕಾವಲು ಕೂರುತ್ತದೆ. ಆಗುಂಬೆಯ ಮಳೆ ಗೊತ್ತಲ್ಲ, ವರ್ಷಕ್ಕೆ 7000 ಮಿಲಿಮೀಟರ್ ದಾಟುವುದು ಮಾಮೂಲಿ. ಅಂಥ ಮಳೆ ಹೊಡೆದರೂ ಒಳಗಿನ ಮೊಟ್ಟೆ ಒದ್ದೆಯಾಗುವುದಿಲ್ಲ. ಎಲೆ ಕೊಳೆಯುವ ಬಿಸಿಯೇ ಕಾವು. ತಿಂಗಳುಗಟ್ಟಲೆ ಕಾದು, ಮರಿ ಹೊರಬರುವ ಸ್ವಲ್ಪ ಮೊದಲು ತಾಯಿ ಎದ್ದು ಹೋಗಿಬಿಡುತ್ತದೆ. ಕಾಳಿಂಗದ ಊಟ ಹಾವುಗಳೇ, ಅಷ್ಟು ದಿನದ ಹಸಿವು ಬೇರೆ, ಎದುರಿಗೆ ಮರಿಗಳು ಬಂದರೆ ಏನಾಗಬಹುದೋ ಅಂತ ಮೊದಲೇ ಜಾಗ ಖಾಲಿ ಮಾಡುತ್ತದೆ ಎನ್ನುವವರಿದ್ದಾರೆ. ಕಾರಣ ಯಾವುದೇ ಇರಲಿ, ಇಷ್ಟೆಲ್ಲ ಮಾಡಿದ ಮೇಲೆ ಮಕ್ಕಳ ಮುಖ ನೋಡದೆ ಹೋಗುವುದು, ಅಬ್ಬಾ.

ಘಟ್ಟದ ಕಪ್ಪೆಗಳನ್ನೂ ಬಿಡುವ ಹಾಗಿಲ್ಲ. ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ಸಿಕ್ಕಿ 2014ರಲ್ಲಿ ಹೆಸರು ಪಡೆದ ಒಂದು ಇರುಳುಗಪ್ಪೆ ಇದೆ, ಹೆಣ್ಣು ನೀರಿನ ಮೇಲಿನ ಕಡ್ಡಿಗೆ ಮೊಟ್ಟೆ ಅಂಟಿಸಿದ ಮೇಲೆ ಗಂಡು ತೊರೆಯಿಂದ ಕೈತುಂಬಾ ಕೆಸರು ತಂದು ಅದಕ್ಕೆ ಮೆತ್ತುತ್ತದೆ. ಅದಕ್ಕೇ ಅದರ ಹೆಸರು ಕುಂಬಾರ. ಮಲಬಾರ್ ಹಾರುಗಪ್ಪೆ ನೊರೆ ಕಡೆದು ಎಲೆಗೆ ಅಂಟಿಸುತ್ತದೆ, ಗೊದಮೊಟ್ಟೆಗಳು ಕೆಳಗಿನ ನೀರಿಗೆ ಉದುರುತ್ತವೆ.

ಈಗ ಕಡಲಿಗೆ ಬರುತ್ತೇನೆ, ಯಾಕೆಂದರೆ ಮೊಟ್ಟೆ ಅಂದರೆ ನಮಗೆ ಮುಖ್ಯವಾದದ್ದು ಅಲ್ಲಿದೆ, ಇಂಗ್ಲಿಷಿನ ಗಾದೆಗಳೆಲ್ಲ ಕೋಳಿಯ ಹಿಂದೆಯೇ ಓಡುತ್ತವೆ. ಬೂತಾಯಿ, ಬಂಗುಡೆ ಮೀನುಗಳು ಇಡುವುದು ಗೂಡಿನಲ್ಲಿ ಅಲ್ಲ. ಬೂತಾಯಿ ಮಳೆಗಾಲದ ಕಡಲಿನಲ್ಲಿ ಹತ್ತಾರು ಸಾವಿರ ಮೊಟ್ಟೆಗಳನ್ನು ನೀರಿಗೆ ಚೆಲ್ಲಿ ಹೋಗುತ್ತದೆ, ಅವು ತೇಲುತ್ತಾ ಒಂದು ದಿನದ ಒಳಗೆ ಒಡೆದು ಮರಿಯಾಗುತ್ತವೆ. ಬುಟ್ಟಿಯೇ ಇಲ್ಲ, ಕಡಲೇ ಬುಟ್ಟಿ. ಅಲ್ಲೂ ಜಾಗ ಮತ್ತು ಹೊತ್ತಿನ ಲೆಕ್ಕ ಇದೆ. ಮಳೆಗಾಲದಲ್ಲಿ ಗಾಳಿಯ ಒತ್ತಡಕ್ಕೆ ನಮ್ಮ ಕರಾವಳಿಯ ಮೇಲಿನ ನೀರು ದೂರ ಸರಿದು, ತಳದ ತಂಪು ನೀರು ಗೊಬ್ಬರದಂಥ ಲವಣಗಳನ್ನು ಹೊತ್ತು ಮೇಲೆ ಬರುತ್ತದೆ. ಸೂಕ್ಷ್ಮ ಸಸ್ಯಗಳು ಹೇರಳ ಬೆಳೆಯುತ್ತವೆ, ಮರಿಗೆ ಅದೇ ಊಟ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯಬಾರದು ಎನ್ನುವ ನಿಯಮಕ್ಕೆ ಇದೊಂದು ಕಾರಣ. ಮಲ್ಪೆಯಲ್ಲೂ ಮಂಗಳೂರಿನ ಧಕ್ಕೆಯಲ್ಲೂ ಬೋಟುಗಳು ಒಂದಕ್ಕೊಂದು ತಾಗಿ ನಿಂತಿರುತ್ತವೆ, ನಾಡದೋಣಿಯವರು ಮಾತ್ರ ಹೊರಡುತ್ತಾರೆ. ಮೀನಿನ ರೇಟು ಏರಿತು ಅಂತ ನಾವು ಗೊಣಗುತ್ತೇವೆ. ಏರಲಿ ಮಾರಾಯ್ರೆ.

ಎಲ್ಲ ಮೀನೂ ಚೆಲ್ಲಿ ಹೋಗುವುದಿಲ್ಲ. ಕಡಲಿನ ತೇಡೆ ಮೀನಿನಲ್ಲಿ ಅಪ್ಪನೇ ಬುಟ್ಟಿ. ಗೋಲಿ ಗಾತ್ರದ ಮೊಟ್ಟೆಗಳನ್ನು ಗಂಡು ತನ್ನ ಬಾಯಿಯಲ್ಲಿ ತುಂಬಿಕೊಳ್ಳುತ್ತದೆ, ಮರಿಯಾಗುವ ತನಕ ಉಪವಾಸ. ಇಷ್ಟು ದೊಡ್ಡ ಮೊಟ್ಟೆಗಳನ್ನು ಸಾವಿರಗಟ್ಟಲೆ ಇಡಲು ಆಗುವುದಿಲ್ಲ, ಕೆಲವು ಡಜನ್ ಅಷ್ಟೆ, ಆದರೆ ಕಾವಲು ಗಟ್ಟಿ. ಸಾವಿರಾರು ವರ್ಷ ಈ ಉಪಾಯ ನಡೆಯಿತು. 1970ರ ದಶಕದ ಕೊನೆಗೆ ನಮ್ಮ ಕರಾವಳಿಗೆ ಪರ್ಸೀನ್ ಬಲೆ ಬಂತು, ಹಿಂಡಿಗೆ ಹಿಂಡನ್ನೇ ಸುತ್ತುವ ಬಲೆ. ಮೊಟ್ಟೆ ಹೊತ್ತ ಗಂಡು ತೇಡೆಗಳ ಹಿಂಡುಗಳು ರಾಶಿರಾಶಿಯಾಗಿ ಸಿಕ್ಕಿದವು. ಬಲೆಯಲ್ಲಿ ಒದ್ದಾಡುವಾಗ ಬಾಯಿಯಿಂದ ಮೊಟ್ಟೆ ಉಗುಳುತ್ತವೆ. ಆ ಮೊಟ್ಟೆಗಳು ಹಾಳಾಗುತ್ತಿವೆ ಅಂತ ಮೀನುಗಾರಿಕಾ ವಿಜ್ಞಾನಿಗಳು ಆಗಲೇ ಬರೆದು ಎಚ್ಚರಿಸಿದ್ದರು. ಆಮೇಲಿನ ವರ್ಷಗಳಲ್ಲಿ ತೇಡೆ ಹಿಡಿತ ಬಿದ್ದುಹೋಯಿತು. ಬೂತಾಯಿ ಕೆಟ್ಟ ವರ್ಷಗಳ ನಂತರ ಮತ್ತೆ ಏಳುತ್ತದೆ, ಒಂದು ಮೀನಿಗೆ ಅಷ್ಟು ಮೊಟ್ಟೆ. ತೇಡೆಗೆ ಆ ಅನುಕೂಲ ಇಲ್ಲ. ಒಂದೇ ಬುಟ್ಟಿಯನ್ನು ಜೋಪಾನ ಮಾಡುವವರಿಗೆ ಆ ಬುಟ್ಟಿ ಒಡೆದರೆ ಎರಡನೇ ದಾರಿ ಇರುವುದಿಲ್ಲ.

ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಹತ್ತಿ ಬರುವ ಮೀನುಗಳದ್ದೂ ಇದೇ ಕಥೆ. ಮೇ ಕೊನೆಗೆ ಬರುವ ತುಳುನಾಡಿನ ಪತ್ತನಾಜೆ ಕಳೆದು, ಯಕ್ಷಗಾನದ ಆಟ, ಭೂತದ ಕೋಲಗಳೆಲ್ಲ ನಿಂತು, ಒಂದು ರಾತ್ರಿ ಜೋರು ಮಳೆ ಬಂತೆಂದರೆ ಮುಗುಡು ಮತ್ತಿತರ ಮೀನುಗಳು ತೋಡಿನ ನೀರಿಗೆ ಎದುರಾಗಿ ಏರುತ್ತವೆ. ಗದ್ದೆಯ ತೆಳು ನೀರು ಬೆಚ್ಚಗಿರುತ್ತದೆ, ಹುಳ ಹುಪ್ಪಟೆ ಇರುತ್ತದೆ, ದೊಡ್ಡ ಮೀನುಗಳ ಕಾಟ ಇಲ್ಲ. ಮೊಟ್ಟೆ ಇಡಲು ಇದಕ್ಕಿಂತ ಒಳ್ಳೆಯ ಜಾಗ ಬೇಕೇ? ಕುಂದಾಪುರ ಕಡೆ ಇದನ್ನು ಉಬರ್ ಮೀನು ಅನ್ನುತ್ತಾರೆ. ಟಾರ್ಚು, ಕತ್ತಿ, ಕೂಳಿ ಹಿಡಿದು ಊರೇ ಗದ್ದೆಗೆ ಇಳಿಯುತ್ತದೆ. ಆ ರಾತ್ರಿಗಳ ಗಮ್ಮತ್ತು ನನಗೆ ಗೊತ್ತು, ಆ ಮೀನಿನ ಸಾರಿನ ರುಚಿಯೂ ಗೊತ್ತು. ಆದರೂ ಹೊಟ್ಟೆ ತುಂಬಾ ಮೊಟ್ಟೆ ಇಟ್ಟುಕೊಂಡು ಬರುವ ಮೀನನ್ನು ಬಾಗಿಲಲ್ಲೇ ಕಡಿಯುವುದು ಸರಿಯಲ್ಲ ಅಂತಲೇ ನನ್ನ ಅಭಿಪ್ರಾಯ. ಇಡುವ ಮೊದಲು ಹಿಡಿದರೆ ಒಂದು ಮೀನಲ್ಲ, ಒಂದು ಕೆರೆ ಹೋಗುತ್ತದೆ. ಇನ್ನು ಈಗ ಎಷ್ಟೋ ಕಡೆ ಹಿಡಿಯುವ ಪ್ರಶ್ನೆಯೇ ಇಲ್ಲ. ತೋಡಿನ ಎರಡೂ ಬದಿಗೆ ತಳಕ್ಕೂ ಕಾಂಕ್ರೀಟ್ ಆಗಿದೆ, ಗದ್ದೆ ಇದ್ದಲ್ಲಿ ಲೇಔಟ್ ಆಗಿದೆ. ಮೀನು ಹತ್ತುವುದಾದರೂ ಎಲ್ಲಿಗೆ?

ಕಡಲ ದಡದ ವಿಷಯ ಇಷ್ಟು ಸಲೀಸಾಗಿ ಹೇಳಲು ಬರುವುದಿಲ್ಲ. ಉಳ್ಳಾಲ, ಅದರ ಪಕ್ಕದ ಸೋಮೇಶ್ವರ, ಮರವಂತೆ ಕಡೆ ಕಡಲಿಗೆ ಕಲ್ಲು ಹಾಕಿದ್ದಾರೆ. ಆಮೆ ಕಲ್ಲು ಹತ್ತಲಾರದು. ಆದರೆ ಮಳೆಗಾಲದಲ್ಲಿ ಅಡುಗೆಮನೆಯ ಗೋಡೆ ಅಲೆಗೆ ಬಿದ್ದುಹೋದ ಮನೆಯವರ ಎದುರು ನಿಂತು ಆಮೆಗೋಸ್ಕರ ಕಲ್ಲು ತೆಗೆಯಿರಿ ಅಂತ ಹೇಳುವ ಧೈರ್ಯ ನನಗಿಲ್ಲ, ಹೇಳಲೂಬಾರದು. ಲೈಟಿನ ವಿಷಯ ಹಾಗಲ್ಲ. ಮೊಟ್ಟೆಯಿಂದ ಬಂದ ಆಮೆ ಮರಿ ಎಲ್ಲಿ ಹೆಚ್ಚು ಬೆಳಕು ಕಾಣುತ್ತದೋ ಆ ಕಡೆ ನಡೆಯುತ್ತದೆ. ಮನುಷ್ಯರಿಲ್ಲದ ದಡದಲ್ಲಿ ಅದು ಕಡಲು. ಈಗ ಅದು ಹೈಮಾಸ್ಟ್ ದೀಪ, ರೆಸಾರ್ಟಿನ ಅಂಗಳ, ರಸ್ತೆ. ಡಿಸೆಂಬರಿನಿಂದ ಬೇಸಗೆಯ ಮೊದಲ ಭಾಗದವರೆಗೆ ರಾತ್ರಿ ಆ ದೀಪಗಳನ್ನು ಆರಿಸಿದರೆ, ಇಲ್ಲ ಕೆಳಮುಖ ಮಾಡಿದರೆ, ಯಾರ ಮನೆಯೂ ಬೀಳುವುದಿಲ್ಲ. ಕರೆಂಟ್ ಬಿಲ್ಲೂ ಕಡಿಮೆ.

ಇಷ್ಟೆಲ್ಲ ಬರೆದವನು ಮೀನಿನ ಮೊಟ್ಟೆ ತಿನ್ನುತ್ತಾನಾ ಅಂತ ಕೇಳುವವರಿಗೆ: ತಿನ್ನುತ್ತೇನೆ. ಬಂಗುಡೆ ಕೊಯ್ಯುವಾಗ ಒಳಗೆ ಮೊಟ್ಟೆ ಸಿಕ್ಕಿದರೆ ನಮ್ಮ ಮನೆಯಲ್ಲಿ ಅದಕ್ಕೆ ಈಗಲೂ ಪೈಪೋಟಿ. ಮೆಣಸು, ಅರಿಸಿನ, ಹುಣಸೆ ಹುಳಿ, ಉಪ್ಪು ಸವರಿ, ತೆಂಗಿನೆಣ್ಣೆಯಲ್ಲಿ ಸಣ್ಣ ಬೆಂಕಿಯಲ್ಲಿ ಹುರಿಯಬೇಕು, ಬೆಂಕಿ ಜೋರಾದರೆ ಪಟಪಟ ಸಿಡಿಯುತ್ತದೆ. ಬಲೆಗೆ ಬಿದ್ದು ಸತ್ತ ಮೀನಿನ ಮೊಟ್ಟೆಯನ್ನು ನಾನು ತಿಂದರೂ ಬೆಕ್ಕಿಗೆ ಹಾಕಿದರೂ ಕಡಲಿಗೆ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರುವುದು ಬಲೆಯ ಕಣ್ಣು ಎಷ್ಟು ಸಣ್ಣದು, ಅದು ಯಾವ ತಿಂಗಳಲ್ಲಿ ನೀರಿಗೆ ಇಳಿಯಿತು ಎನ್ನುವುದರಲ್ಲಿ. ಆಗಸ್ಟ್‌ನಲ್ಲಿ ಬೆರಳುದ್ದದ ಬೂತಾಯಿ ರಾಶಿ ಹಾಕಿ ಮಾರುವುದನ್ನು ಕಂಡಾಗ ನಾನು ಕೊಳ್ಳದೆ ಮುಂದೆ ಹೋಗುತ್ತೇನೆ. ಅಗ್ಗ ಸಿಗುತ್ತದೆ ನಿಜ, ಮಾರುವ ಹೆಂಗಸು ಬೈದುಕೊಳ್ಳುವುದೂ ನಿಜ.